ಎಂಟು ಮೂರಾದ ಅಂಗಿ: ಬುಕಾರೆಸ್ಟ್‌ನಲ್ಲಿ ಕ್ರಿಸ್ಟಿನಾ ನ್ಯಾಗು ಅವರ ಆಟವನ್ನು ನೆನೆಯುತ್ತ

ನಮಸ್ಕಾರ. ನಿಮಗೀಗ ಕಾಣುತ್ತಿರುವುದು ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನ ತಿನೆರೆತುಲುಯ್ ಉದ್ಯಾನ. ಮರಗಳ ಆಚೆಗಿರುವ ಆ ದೊಡ್ಡ ಕಟ್ಟಡವೇ ಸಾಲಾ ಪೊಲಿವಲೆಂತಾ ಎಂಬ ಒಳಾಂಗಣ ಕ್ರೀಡಾಂಗಣ. ರೊಮೇನಿಯಾದ ಹ್ಯಾಂಡ್‌ಬಾಲ್ ಆಟಗಾರ್ತಿ ಕ್ರಿಸ್ಟಿನಾ ನ್ಯಾಗು ತಮ್ಮ ಆಟದ ಕೊನೆಯ ಎಂಟು ವರ್ಷಗಳನ್ನು, ಅಂದರೆ 2017ರಿಂದ 2025ರಲ್ಲಿ ನಿವೃತ್ತರಾಗುವವರೆಗೆ, ಇಲ್ಲಿ ಆಡುವ ಸಿಎಸ್‌ಎಂ ಬುಕಾರೆಸ್ಟ್ ತಂಡದಲ್ಲಿ ಕಳೆದರು. ಇಂದು ಪಂದ್ಯವಿಲ್ಲದ ಕಾರಣ ಬಾಗಿಲು ಮುಚ್ಚಿದೆ. ಆದ್ದರಿಂದ ನಾನು ಹೊರಗೆ ನಡೆಯುತ್ತಲೇ ಮಾತನಾಡುತ್ತೇನೆ.

ಮೊದಲು ನಾನು ತೊಟ್ಟಿರುವ ಈ ಅಂಗಿಯ ವಿಷಯವನ್ನು ಹೇಳಿಬಿಡಬೇಕು, ಏಕೆಂದರೆ ನೋಡಿದವರೆಲ್ಲ ಅದನ್ನೇ ಕೇಳಲಿದ್ದಾರೆ. ನ್ಯಾಗು ಅವರ ಸಂಖ್ಯೆ 8. ಬೀದಿಬದಿಯಲ್ಲಿ ಅಂಗಿಗಳನ್ನು ಹರಡಿಕೊಂಡಿದ್ದ ವ್ಯಾಪಾರಿಯೊಬ್ಬರು ಇದಕ್ಕೆ 150 ಲೇಯ್ ಹೇಳಿದರು, ಅಂದರೆ ನಮ್ಮ ಲೆಕ್ಕದಲ್ಲಿ ಮೂರು ಸಾವಿರ ರೂಪಾಯಿಯ ಆಸುಪಾಸು. ನನಗೆ ರೊಮೇನಿಯನ್ ಭಾಷೆಯಲ್ಲಿ ಅಂಕಿಗಳ ಹೊರತು ಬೇರೇನೂ ಬಾರದ ಕಾರಣ ಚೌಕಾಸಿಯು ಬೆರಳುಗಳಲ್ಲೇ ನಡೆಯಿತು; 120ಕ್ಕೆ ಇಳಿಸಿದೆನೆಂದು ನಾನು ಬೀಗಿದ್ದೂ ಉಂಟು. ಒಂದೇ ಒಗೆತಕ್ಕೆ ಎಂಟರ ಎಡಭಾಗವು ಸುಲಿದು ಹೋಯಿತು. ಈಗ ನನ್ನ ಬೆನ್ನ ಮೇಲಿರುವುದು ಸ್ಪಷ್ಟವಾದ 3. ಹೆಸರಿನ ಅಕ್ಷರಗಳು ಮಾತ್ರ ಗಟ್ಟಿಯಾಗಿ ಅಂಟಿಕೊಂಡಿರುವುದರಿಂದ, ನ್ಯಾಗು ಎಂದೂ ಧರಿಸದ ಸಂಖ್ಯೆಯ ಅಂಗಿಯೊಂದು ಜಗತ್ತಿನಲ್ಲಿ ಇದ್ದರೆ ಅದು ನನ್ನ ಬಳಿಯೇ ಇದೆ. ಮರಳಿ ಹೋದಾಗ ಆ ವ್ಯಾಪಾರಿಯೂ ಇರಲಿಲ್ಲ, ಅವರು ಕುಳಿತಿದ್ದ ಮಡಿಚುವ ಮೇಜೂ ಇರಲಿಲ್ಲ.

ಇರಲಿ. ನ್ಯಾಗು ಹುಟ್ಟಿದ್ದು ಇದೇ ನಗರದಲ್ಲಿ, 1988ರ ಆಗಸ್ಟ್‌ನಲ್ಲಿ. ಆದರೆ ಅವರ ಹೆಸರು ಬೆಳೆದದ್ದು ಬೇರೆ ಊರುಗಳಲ್ಲಿ: ಮೊದಲು ಬ್ರಾಷೊವ್ ನಗರದ ರುಲ್ಮೆಂತುಲ್ ತಂಡ, 2009ರಿಂದ ರಿಮ್ನಿಕು ವಿಲ್ಚಾ ಊರಿನ ಓಲ್ಟ್‌ಕಿಮ್ ತಂಡ. ರುಲ್ಮೆಂತುಲ್ ಎಂದರೆ ಬೇರಿಂಗ್ ಎಂದರ್ಥ. ಓಲ್ಟ್‌ಕಿಮ್ ಒಂದು ರಾಸಾಯನಿಕ ಕಾರ್ಖಾನೆಯ ಹೆಸರು. ಕಾರ್ಖಾನೆಯ ಹಣದಿಂದ ನಡೆಯುವ ತಂಡವು ಕಾರ್ಖಾನೆಯ ಕಷ್ಟದಲ್ಲೂ ಪಾಲು ಪಡೆಯಬೇಕಾಗುತ್ತದೆ. 2013ರಲ್ಲಿ ಓಲ್ಟ್‌ಕಿಮ್ ದಿವಾಳಿಯ ಪ್ರಕ್ರಿಯೆಗೆ ಸಿಲುಕಿದಾಗ ತಾರೆಯರಿಂದ ತುಂಬಿದ್ದ ಆ ತಂಡವು ಚದುರಿತು, ನ್ಯಾಗು ಮಾಂಟೆನೆಗ್ರೊದ ಬುಡುಚ್ನೊಸ್ಟ್ ಸೇರಿದರು.

ಅವರದು ಲೆಫ್ಟ್ ಬ್ಯಾಕ್ ಸ್ಥಾನ. ಶಾಲೆಯ ಮೈದಾನದಲ್ಲಿ ಹ್ಯಾಂಡ್‌ಬಾಲ್ ಆಡಿದವರಿಗೆ ಇದು ತಿಳಿದಿರುತ್ತದೆ: ಗೋಲಿನಿಂದ ಒಂಬತ್ತು ಮೀಟರ್ ದೂರದಲ್ಲಿ, ಎದುರಾಳಿಗಳ ಚಾಚಿದ ಕೈಗಳ ಮೇಲಿನಿಂದ, ನೆಗೆದು ಗಾಳಿಯಲ್ಲಿರುವಾಗಲೇ ಚೆಂಡನ್ನು ಎಸೆಯಬೇಕಾದವರು ಇವರೇ. ಆ ಎಸೆತದ ಭಾರವೆಲ್ಲ ಬೀಳುವುದು ಭುಜದ ಮೇಲೆ, ಇಳಿಯುವಾಗಿನ ಭಾರ ಮೊಣಕಾಲಿನ ಮೇಲೆ. ನ್ಯಾಗು ಅವರಿಗೆ ಕೈಕೊಟ್ಟದ್ದೂ ಇವೆರಡೇ. 2010ರ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ 53 ಗೋಲುಗಳೊಂದಿಗೆ ಮೊದಲಿಗರಾಗಿ, ರೊಮೇನಿಯಾಕ್ಕೆ ಕಂಚು ತಂದು, ಆ ವರ್ಷದ ವಿಶ್ವದ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡ ಮೇಲೆ ಭುಜವು ಅವರನ್ನು ದೀರ್ಘಕಾಲ ಅಂಗಣದಿಂದ ದೂರವಿಟ್ಟಿತು; ಅದರ ಹಿಂದೆಯೇ ಮೊಣಕಾಲೂ ಹೋಯಿತು. 2015ರಲ್ಲಿ ಅವರು ಮತ್ತೆ ಎತ್ತರಕ್ಕೆ ಏರಿದ ರೀತಿಯನ್ನು ನಾನು ಯಾವ ಆಟದಲ್ಲೂ ಹೆಚ್ಚು ಕಂಡಿಲ್ಲ. ಬುಡುಚ್ನೊಸ್ಟ್‌ನೊಂದಿಗೆ, ಯುರೋಪಿನ ಕ್ಲಬ್‌ಗಳ ಅತಿದೊಡ್ಡ ಹ್ಯಾಂಡ್‌ಬಾಲ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದರು. ಡಿಸೆಂಬರ್‌ನಲ್ಲಿ ಡೆನ್ಮಾರ್ಕ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 63 ಗೋಲು ಹೊಡೆದು, ಆತಿಥೇಯರನ್ನೇ ಹೆಚ್ಚುವರಿ ಸಮಯದಲ್ಲಿ 31–30ರಿಂದ ಮಣಿಸಿದ ರೊಮೇನಿಯಾ ತಂಡವನ್ನು ಕಂಚಿನವರೆಗೆ ಒಯ್ದರು. ಆ ವರ್ಷವೂ, ನಂತರ 2016 ಮತ್ತು 2018ರಲ್ಲೂ ಶ್ರೇಷ್ಠ ಆಟಗಾರ್ತಿಯ ಪ್ರಶಸ್ತಿ ಅವರದೇ.

ಇಲ್ಲಿ ನನ್ನದೊಂದು ತಕರಾರಿದೆ. ಸಿಎಸ್‌ಎಂ ಚಾಂಪಿಯನ್ಸ್ ಲೀಗ್ ಗೆದ್ದದ್ದು 2016ರಲ್ಲಿ. ನ್ಯಾಗು ಬಂದದ್ದು ಮರುವರ್ಷ. ಅವರಿದ್ದ ಎಂಟು ವರ್ಷಗಳಲ್ಲಿ ಆ ಕಪ್ ಮತ್ತೆ ಇಲ್ಲಿಗೆ ಬರಲೇ ಇಲ್ಲ. ತವರಿಗೆ ಮರಳಿದ್ದು ಅವರು ಮಾಡಿದ ತಪ್ಪು ಎಂದು ನಾನು ಬಹಳ ದಿನ ವಾದಿಸಿದ್ದೆ, ಇಂದು ಬೆಳಿಗ್ಗೆ ಕೋಣೆಯಲ್ಲಿ ಧ್ವನಿಮುದ್ರಿಸಿದ ಮೊದಲ ಪ್ರತಿಯಲ್ಲೂ ಹಾಗೆಯೇ ಹೇಳಿದ್ದೆ. ಈ ಕಟ್ಟಡದ ಸುತ್ತ ಒಂದು ಸುತ್ತು ಬಂದ ಮೇಲೆ ಆ ಭಾಗವನ್ನು ತೆಗೆದುಹಾಕುತ್ತಿದ್ದೇನೆ. 2018ರ ಡಿಸೆಂಬರ್‌ನಲ್ಲಿ ಫ್ರಾನ್ಸ್‌ನ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ, ಹಂಗೆರಿಯ ಎದುರು, ಮೊಣಕಾಲಿನ ಅಸ್ಥಿರಜ್ಜು ಹರಿದಾಗ ಅವರಿಗೆ ಮೂವತ್ತು ವರ್ಷ. ನಿಲ್ಲಿಸಲು ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಅವರು ಇದೇ ತಂಡಕ್ಕೆ ಮರಳಿ 2025ರವರೆಗೂ ಆಡಿದರು, ಚಾಂಪಿಯನ್ಸ್ ಲೀಗ್‌ನಲ್ಲಿ ಸಾವಿರ ಗೋಲುಗಳ ಗೆರೆಯನ್ನು ದಾಟಿದರು. ಒಂದು ಕಪ್‌ನ ಲೆಕ್ಕದಲ್ಲಿ ಇದನ್ನು ಅಳೆದದ್ದು ನನ್ನ ಸಣ್ಣತನ.

ಆದರೂ ಆ ಕಪ್ ಬಂದಿದ್ದರೆ ಚೆನ್ನಾಗಿರುತ್ತಿತ್ತು ಎಂಬುದನ್ನು ಹಿಂತೆಗೆದುಕೊಳ್ಳುವುದಿಲ್ಲ. ಬ್ಯಾಟರಿಯ ಕೆಂಪು ದೀಪ ಮಿನುಗುತ್ತಿದೆ. ಕಾವಲುಗಾರರು ನನ್ನ ಬೆನ್ನಿನ ಮೂರನ್ನು ನೋಡಿ ನಗುತ್ತಿದ್ದಾರೆ. ಮೆಟ್ರೊ ನಿಲ್ದಾಣದ ಕಡೆಗೆ ಹೊರಟೆ.