ಕಾರ್ಡ್ ಮೆಷಿನ್ ರೂಪಾಯಿ ತೋರಿಸಿದರೆ ಬೇಡ ಅನ್ನಿ

ಯೂರೋಪಿಗೆ ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಲ್ಲಿನ ಎಟಿಎಂ ಅಥವಾ ಅಂಗಡಿಯ ಕಾರ್ಡ್ ಮೆಷಿನ್ ‘ರೂಪಾಯಿಯಲ್ಲಿ ಲೆಕ್ಕ ಹಾಕಲೇ?’ ಅಂತ ಕೇಳಿದರೆ ಬೇಡ ಅನ್ನಿ. ಆ ದೇಶದ ಹಣವನ್ನೇ ಆರಿಸಿ.

ಸುತ್ತ ಒಂದು ಬೋರ್ಡೂ ಓದಲು ಬರುವುದಿಲ್ಲ. ಹಿಂದೆ ಕ್ಯೂ ಬೇರೆ. ಅಂಥ ಹೊತ್ತಲ್ಲಿ ರೂಪಾಯಿ ಕಂಡರೆ ಯಾರಿಗಾದರೂ ಧೈರ್ಯ ಬರುತ್ತದೆ, ಅಲ್ವಾ? ಸುಮ್ನೆ ಒತ್ತಿಬಿಡುತ್ತೇವೆ. ಆದರೆ ಆ ದರ ನಿಮ್ಮ ಬ್ಯಾಂಕಿನದಲ್ಲ. ಮೆಷಿನ್ ನಡೆಸುವವರು ತಮ್ಮ ಲಾಭ ಸೇರಿಸಿ ಇಟ್ಟ ದರ ಅದು. ನಮ್ಮ ಅನೇಕ ಬ್ಯಾಂಕುಗಳ ಕಾರ್ಡಿಗೆ ಶೇ 3.5ರಷ್ಟು ಮಾರ್ಕಪ್ (ವಿದೇಶಿ ಹಣದ ಖರ್ಚಿಗೆ ಬ್ಯಾಂಕ್ ಸೇರಿಸುವ ಶುಲ್ಕ), ಅದರ ಮೇಲೆ ಜಿಎಸ್‌ಟಿ ಇದ್ದರೂ, ಸಾಮಾನ್ಯವಾಗಿ ಅದೇ ಅಗ್ಗ. ಭಾಷೆ ಬಾರದವರ ಗಾಬರಿಯಿಂದ ದುಡ್ಡು ಮಾಡುವ ಈ ವ್ಯವಸ್ಥೆ ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಪ್ರಾಗ್ ನೋಡಿ. ಝೆಕ್ ದೇಶ ಐರೋಪ್ಯ ಒಕ್ಕೂಟದಲ್ಲಿದ್ದರೂ ಅಲ್ಲಿ ನಡೆಯುವುದು ಯೂರೋ ಅಲ್ಲ, ಕೊರುನಾ ಅನ್ನುವ ಅವರದೇ ಹಣ. ಪ್ರವಾಸಿಗರ ಬೀದಿಯ ಕೆಲವು ಅಂಗಡಿಗಳು ಯೂರೋ ತೆಗೆದುಕೊಳ್ಳುತ್ತವೆ, ಆದರೆ ಅವರದೇ ದರಕ್ಕೆ. ‘ಕಮಿಷನ್ ಇಲ್ಲ’ ಅಂತ ಬೋರ್ಡ್ ಹಾಕಿದ ಹಣ ಬದಲಾಯಿಸುವ ಅಂಗಡಿಯಲ್ಲಿ ದರವೇ ಕೆಟ್ಟದಾಗಿರಬಹುದು. ಕೊಡುವ ಮುಂಚೆ ‘ಕೈಗೆ ಎಷ್ಟು ಬರುತ್ತದೆ’ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಅಂಕಿಗೆ ಭಾಷೆ ಬೇಕಿಲ್ಲ. ಮೋಸ ಹೋದಿರಿ ಅನ್ನಿಸಿದರೂ ದಾರಿ ಇದೆ: 2019ರಿಂದ ಅಲ್ಲಿನ ಕಾನೂನು ಪ್ರಕಾರ, 1000 ಯೂರೋ ಮೌಲ್ಯದವರೆಗಿನ ವಿನಿಮಯವನ್ನು 3 ಗಂಟೆಯೊಳಗೆ ರದ್ದು ಮಾಡಿಸಬಹುದು. ರಸೀದಿ ಮಾತ್ರ ಬಿಸಾಡಬೇಡಿ. ಬೀದಿಯಲ್ಲಿ ನೋಟು ಹಿಡಿದು ಬರುವವರ ಹತ್ತಿರ ನಿಲ್ಲಲೇಬೇಡಿ.

ಮಾತಿನ ವಿಷಯ ಇಷ್ಟು ಕಷ್ಟವಿಲ್ಲ. ಪ್ರಾಗ್‌ನಲ್ಲಿ ಕೌಂಟರಿಗೆ ಹೋದೊಡನೆ ‘ದೊಬ್ರೀ ದೆನ್’ ಅಂತ ನಮಸ್ಕಾರ ಹೇಳಿ, ಆಮೇಲೆ ಇಂಗ್ಲಿಷ್ ಶುರು ಮಾಡಿ. ಫ್ರಾನ್ಸಿನಲ್ಲಂತೂ ‘ಬೊಂಜೂರ್’ ಅನ್ನದೆ ನೇರ ಪ್ರಶ್ನೆ ಕೇಳಿದರೆ ಒರಟುತನ ಅಂದುಕೊಳ್ಳುತ್ತಾರೆ. ಅನುವಾದದ ಆ್ಯಪ್‌ನಲ್ಲಿ ಆ ಭಾಷೆಯನ್ನು ಇಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಅಲ್ಲಿ ನೆಟ್ ಸಿಗದಿದ್ದರೂ ಮೆನು ಓದಬಹುದು.

ಕಾರ್ಡಿನಲ್ಲಿ ವಿದೇಶಿ ಬಳಕೆ ಆನ್ ಆಗಿದೆಯೇ ಅಂತಲೂ ಬ್ಯಾಂಕಿನ ಆ್ಯಪ್‌ನಲ್ಲಿ ನೋಡಿ. ಎಟಿಎಂ, ಅಂಗಡಿ, ಆನ್‌ಲೈನ್‌ಗೆ ಬೇರೆ ಬೇರೆ ಸ್ವಿಚ್ ಇರುತ್ತದೆ.

ಮ್ಯೂನಿಕ್‌ನಲ್ಲೋ ಆಮ್‌ಸ್ಟರ್‌ಡ್ಯಾಮ್‌ನಲ್ಲೋ ಇರುವ ಮಕ್ಕಳಿಗೆ ಒಂದು ಮಾತು. ಅಪ್ಪ ಅಮ್ಮ ಬಂದಾಗ ಕಾರ್ಡ್ ಕೈಗೆ ಕೊಟ್ಟು ಊರು ನೋಡಿ ಬನ್ನಿ ಅಂತ ಕಳಿಸಬೇಡಿ. ಮೊದಲ ದಿನವೇ ಮನೆ ಹತ್ತಿರದ ಎಟಿಎಂಗೆ ಕರೆದುಕೊಂಡು ಹೋಗಿ. ಅವರ ಕೈಯಲ್ಲೇ ಹಣ ತೆಗೆಸಿ. ಯಾವ ಬಟನ್ ಬೇಡ ಅಂತ ತೋರಿಸಿ.