ಹಾಲಿಗೆ ಕರೆಂಟ್ ಕೊಟ್ಟರೆ ಸಾಕೇ?

ಅಧ್ಯಕ್ಷರೇ, ಡೇರಿ ವಿಜ್ಞಾನದ ವಿದ್ಯಾರ್ಥಿಗಳೇ,

ಬಾಗಿಲಲ್ಲಿ 'ಬೆಂಕಿಯಿಲ್ಲದೆ ಪಾಶ್ಚರೀಕರಣ' ಅಂತ ಪೋಸ್ಟರ್ ಅಂಟಿಸಿದ್ದೀರಿ. ನನ್ನ ತಕರಾರು ಅದರ ಮೇಲೇ. ಪಲ್ಸ್ ವಿದ್ಯುತ್ ಕ್ಷೇತ್ರದ ವಿಧಾನ, ಅಂದರೆ ಹಾಲಿಗೆ ಕ್ಷಣಮಾತ್ರದ ಜೋರು ವಿದ್ಯುತ್ ಹೊಡೆತ (ಪಲ್ಸ್) ಕೊಟ್ಟು ಕ್ರಿಮಿ ಕೊಲ್ಲುವುದು, ಒಳ್ಳೆಯದೇ. ಆದರೆ ಹಾಲು ಅದಕ್ಕೆ ಸುಲಭಕ್ಕೆ ಬಗ್ಗುವಂಥದ್ದಲ್ಲ.

ಒಂದು ಹಳ್ಳಿಯ ಹಾಲಿನ ಸಂಘದಲ್ಲಿ ಇದನ್ನು ವಿವರಿಸುತ್ತಿದ್ದೆ. ಹಿಂದೆ ಕೂತಿದ್ದ ಹಿರಿಯರೊಬ್ಬರು ಎದ್ದರು. "ಮೇಷ್ಟ್ರೇ, ಆ ಹಾಲು ಕುಡಿದ್ರೆ ಶಾಕ್ ಹೊಡೆಯಲ್ವಾ?" ಎಲ್ಲರೂ ನಕ್ಕರು. ಅವರು ನಗಲಿಲ್ಲ. "ಹೊಡೆಯಲ್ಲ ಯಜಮಾನ್ರೇ" ಅಂದೆ. "ಹಾಲಿಗೇ ಏನೂ ಆಗಲ್ಲ ಅಂದ್ರೆ, ಅದರೊಳಗಿನ ಕ್ರಿಮಿ ಹೆಂಗೆ ಸಾಯ್ತದೆ?" ಅಂದರು. ನಗು ನಿಂತಿತು. ನನ್ನ ಪಿಎಚ್‌ಡಿ ವೈವಾದಲ್ಲೂ ಯಾರೂ ಇಷ್ಟು ನೇರವಾಗಿ ಕೇಳಿರಲಿಲ್ಲ.

ಅವರಿಗೆ ಹೇಳಿದ ಲೆಕ್ಕವನ್ನೇ ನಿಮಗೂ ಹೇಳುತ್ತೇನೆ. ಪಲ್ಸಿನ ಕ್ಷೇತ್ರದ ಬಲ ಸೆಂಟಿಮೀಟರಿಗೆ 30 ಸಾವಿರ ವೋಲ್ಟ್ ಅಂದರೆ ಮೈಕ್ರೋಮೀಟರಿಗೆ 3 ವೋಲ್ಟ್. ಬ್ಯಾಕ್ಟೀರಿಯಾ ಇರುವುದೇ ಹೆಚ್ಚುಕಡಿಮೆ ಒಂದು ಮೈಕ್ರೋಮೀಟರ್. ಅದರ ಪೊರೆಯ ಮೇಲೆ ಸುಮಾರು 1 ವೋಲ್ಟ್ ಬಿದ್ದರೆ ಸಾಕು, ತೂತು ಬೀಳಲು ಶುರು. ತೂತು ಮತ್ತೆ ಮುಚ್ಚಿಕೊಳ್ಳದಿದ್ದರೆ ಕ್ರಿಮಿಯ ಕಥೆ ಮುಗಿಯಿತು. ಯೀಸ್ಟ್ ಗಾತ್ರದಲ್ಲಿ ದೊಡ್ಡದು, ಅದರ ಪೊರೆಗೆ ಬೀಳುವ ವೋಲ್ಟೂ ಜಾಸ್ತಿ, ಅದಕ್ಕೇ ಬೇಗ ಸಾಯುತ್ತದೆ. ಕೊಲ್ಲುವುದು ಬಿಸಿಯಲ್ಲ, ಕ್ಷೇತ್ರ ಅಂತ 1967ರಲ್ಲಿ ಸೇಲ್ ಮತ್ತು ಹ್ಯಾಮಿಲ್ಟನ್ ಎಂಬ ಸಂಶೋಧಕರು ತೋರಿಸಿದರು. ಅಮೆರಿಕದಲ್ಲಿ ಅದಕ್ಕೂ ಮೊದಲೇ 'ಎಲೆಕ್ಟ್ರೋಪ್ಯೂರ್' ಅಂತ ಹಾಲಿಗೆ ಕರೆಂಟ್ ಹರಿಸುತ್ತಿದ್ದರಲ್ಲ, ಅದು ಬೇರೆ. ಅಲ್ಲಿ ಹಾಲು ಕಾಯುತ್ತಿತ್ತು, ಅಷ್ಟೇ.

ಈಗ ಪೋಸ್ಟರಿಗೆ ಬರೋಣ. ಹಾಲಿನಲ್ಲಿ ಲವಣ ಇದೆ, ಕರೆಂಟ್ ಸಲೀಸಾಗಿ ಹರಿಯುತ್ತದೆ. ಒಂದೊಂದು ಪಲ್ಸೂ ಕೆಲವೇ ಮೈಕ್ರೋಸೆಕೆಂಡ್ ಇದ್ದರೂ, ಒಂದರ ಹಿಂದೆ ಒಂದು ಕೊಡುತ್ತಾ ಹೋದರೆ ಬಿಸಿ ಏರುತ್ತದೆ. ಪಲ್ಸ್ ಕೊಡುವ ಚೇಂಬರಿನೊಳಗೆ ಗಾಳಿಗುಳ್ಳೆ ಸೇರಿದರೆ ಕಿಡಿ ಹಾರುತ್ತದೆ. ನೊರೆಯಿಲ್ಲದ ಹಾಲು ಎಲ್ಲಿ ಸಿಗುತ್ತದೆ ಹೇಳಿ! ಜೊತೆಗೆ, ಹಾಲನ್ನು ಮೊದಲೇ 50 ಡಿಗ್ರಿ ಆಸುಪಾಸಿಗೆ ಬೆಚ್ಚಗೆ ಮಾಡಿಕೊಂಡರೆ ಪಲ್ಸ್ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಂಕಿ ಹಿಂಬಾಗಿಲಿನಿಂದ ಒಳಗೆ ಬಂದೇಬಿಟ್ಟಿತು, ಅಲ್ವಾ?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಇನ್ನೆರಡೇ ಮಾತು. ಸ್ಪೋರ್‌ಗಳು, ಅಂದರೆ ಕೆಲವು ಬ್ಯಾಕ್ಟೀರಿಯಾ ಗಟ್ಟಿ ಕವಚದೊಳಗೆ ನಿದ್ದೆಹೋಗುವ ರೂಪ, ಪಲ್ಸಿಗೆ ಜಗ್ಗಲ್ಲ. ಮಾಮೂಲಿ ಪಾಶ್ಚರೀಕರಣದಂತೆ 72 ಡಿಗ್ರಿಯಲ್ಲಿ 15 ಸೆಕೆಂಡ್ ಇಟ್ಟರೂ ಜಗ್ಗಲ್ಲ ಅನ್ನಿ, ಹಾಗಾಗಿ ಫ್ರಿಜ್ ಎರಡಕ್ಕೂ ಬೇಕೇ ಬೇಕು. ಇನ್ನು ಫಾಸ್ಫಟೇಸ್ ಪರೀಕ್ಷೆ. ಫಾಸ್ಫಟೇಸ್ ಅಂದರೆ ಹಸಿ ಹಾಲಿನಲ್ಲಿರುವ ಒಂದು ಕಿಣ್ವ. ಆ ಕಿಣ್ವ ನಾಶವಾಗಿದೆಯೇ ಅಂತ ನೋಡಿ ತಾನೇ ನಾವು ಪಾಶ್ಚರೀಕರಣಕ್ಕೆ ಪಾಸು ಕೊಡುವುದು? ಅದು ಬಿಸಿಗೆ ಹೋಗುತ್ತದೆ, ಪಲ್ಸಿಗೆ ಪೂರ್ತಿ ಹೋಗಲ್ಲ. ಕ್ರಿಮಿ ಸತ್ತ ಹಾಲೂ ಪರೀಕ್ಷೆಯಲ್ಲಿ ಫೇಲಾಗಬಹುದು. ಪಲ್ಸಿಗೆ ತಕ್ಕ ಬೇರೆ ಪರೀಕ್ಷೆಯೇ ಬೇಕು. ಪ್ರಾಜೆಕ್ಟ್ ಹುಡುಕುತ್ತಿರುವವರು ಇದನ್ನು ಯೋಚಿಸಿ.

ಜ್ಯೂಸಿನವರೂ ಆಲೂಗಡ್ಡೆ ಫ್ರೈಸ್‌ನವರೂ ಪಲ್ಸ್ ವಿಧಾನವನ್ನು ಆಗಲೇ ಕಾರ್ಖಾನೆಗೆ ತಂದುಕೊಂಡಿದ್ದಾರೆ. ಆ ಸ್ಲೈಡುಗಳನ್ನು ಬಿಟ್ಟೆ. ಬೇಕಾದವರು ಊಟದ ಹೊತ್ತಿಗೆ ಲ್ಯಾಪ್‌ಟಾಪ್ ಹತ್ತಿರ ಬನ್ನಿ.