ಕೋವಿ ತೋಟಾ ಹಳೇದಾದರೆ ಕೆಡುತ್ತಾ?

(ಚಿಕ್ಕಮಗಳೂರಿನಲ್ಲಿ ಲೈಸೆನ್ಸ್ ಕೋವಿ ಇಟ್ಟುಕೊಂಡಿರುವವರ ಮುಂದೆ ಆಡಿದ ಮಾತು)

ನಮಸ್ಕಾರ. ಕೋವಿಗೆ ನಾವೆಲ್ಲ ಎಣ್ಣೆ ಹಾಕಿ ಒರೆಸುತ್ತೇವೆ. ತೋಟಾ ಡಬ್ಬಿಯನ್ನು ಮಾತ್ರ ಯಾರೂ ಕೇಳಲ್ಲ. ಇವತ್ತು ಪಾಯಿಂಟ್ ಟೂಟೂ (.22) ಲಾಂಗ್ ರೈಫಲ್ ಅನ್ನೋ ಸಣ್ಣ ತೋಟಾದ ಬಗ್ಗೆ ಮಾತಾಡೋಣ.

‘ಇಪ್ಪತ್ತು ವರ್ಷ ಹಳೇದು, ಹೊಡೀಬಹುದಾ ಸಾರ್?’ ಅಂತ ಕೇಳುವವರು ಜಾಸ್ತಿ. ವರ್ಷ ಬಿಡಿ, ಎಲ್ಲಿ ಇಟ್ಟಿದ್ದಿರಿ ಅನ್ನೋದು ಮುಖ್ಯ.

1887ರಿಂದ ಈ ಲಾಂಗ್ ರೈಫಲ್ ತೋಟಾದ ರಚನೆ ಹೆಚ್ಚೇನೂ ಬದಲಾಗಿಲ್ಲ. ಇದಕ್ಕೆ ಬೇರೆ ಕೇಪು, ಅಂದರೆ ಬುಡದ ನಡುವೆ ಕೂರಿಸುವ ಕಿಡಿ ಮದ್ದಿನ ಪುಟ್ಟ ಬಟ್ಟಲು, ಇಲ್ಲ. ಕಿಡಿ ಹೊತ್ತಿಸುವ ಮದ್ದನ್ನು ಹಸಿಯಾಗಿ ಹಾಕಿ, ಗಿರಗಿರ ತಿರುಗಿಸಿ ಬುಡದ ಅಂಚಿನೊಳಗೆ ಹರಡುತ್ತಾರೆ. ಅಂಚಿನ ಒಂದು ಕಡೆ ಮದ್ದು ಹರಡದೇ ಹೋದರೆ, ಕೋವಿಯೊಳಗಿನ ಸುತ್ತಿಗೆ ಅಲ್ಲೇ ಬಡಿದರೆ, ಹೊಸ ತೋಟಾನೂ ಹಾರಲ್ಲ. ಮೇಲಿನ ಸೀಸದ ಗುಂಡನ್ನು ತೆಳು ಹಿತ್ತಾಳೆ ಹಗುರವಾಗಿ ಹಿಡಿದಿರುತ್ತದೆ, ಅಷ್ಟೇ. ಅದು ಸಡಿಲವಾದರೆ ತೇವ ಒಳಗೆ ಇಳಿಯುತ್ತದೆ. ಎಣ್ಣೆಯೂ ಇಳಿಯುತ್ತದೆ. ಎಣ್ಣೆ ಕೈಯಲ್ಲಿ ತೋಟಾ ಮುಟ್ಟಬೇಡಿ.

ಈಗ ನಮ್ಮ ಎಸ್ಟೇಟ್ ಗೋಡೌನ್ ವಿಷಯ. ಬ್ರಿಟಿಷರ ಸೇನೆ ನಮ್ಮ ದೇಶದಲ್ಲಿ ಮಳೆಗಾಲ ಮುಗಿಯುವ ತನಕ ತೋಟಾಗಳನ್ನು ಕುದುರೆ ಲಾಯದಲ್ಲಿ ಇಡುತ್ತಿತ್ತಂತೆ. ಆಮೇಲೆ ತೆಗೆದರೆ ಹಿತ್ತಾಳೆ ಬಿರುಕು ಬಿಟ್ಟಿರುತ್ತಿತ್ತು. ಕಾರಣ ಸರಿಯಾಗಿ ತಿಳಿದದ್ದು 1921ರಲ್ಲಿ. ಕುದುರೆ ಗಂಜಲದಿಂದ ಏಳುವ ಅಮೋನಿಯಾ ಹಿತ್ತಾಳೆಯನ್ನು ಸೀಳುತ್ತಿತ್ತು! ನಮ್ಮಲ್ಲಿ ಲಾಯ ಇಲ್ಲ ನಿಜ, ಕೊಟ್ಟಿಗೆ ಇದೆ ಅಲ್ವಾ? ಯೂರಿಯಾ ಚೀಲ ನೆನೆದರೂ ಅದೇ ಗಾಳಿ. ಮೂಡಿಗೆರೆ ಕಡೆ ಮಳೆಯಲ್ಲಿ ಗೊಬ್ಬರದ ಪಕ್ಕ ತೋಟಾ ಡಬ್ಬಿ ಇಟ್ಟರೆ ಕೆಡಿಸಲೆಂದೇ ಇಟ್ಟ ಹಾಗೆ. ಒಲೆ ಮೇಲಿನ ಅಟ್ಟವೂ ಬೇಡ. ಅಲ್ಲಿ ತೇವ ಇಲ್ಲ, ಆದರೆ ಶಾಖಕ್ಕೆ ಮದ್ದು ಸೊರಗುತ್ತದೆ, ಗುಂಡಿನ ಮೇಲಿನ ಮೇಣ ಕರಗುತ್ತದೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ, ತಣ್ಣನೆ ಬೀರು, ಬೀಗ. ಇಷ್ಟು ಸಾಕು. ಹೀಗಿಟ್ಟರೆ ದಶಕಗಳೇ ಕಳೆದರೂ ಹಾರುತ್ತವೆ.

ಹಾರದ ತೋಟಾಕ್ಕೆ ನಾನು ಅಷ್ಟು ಹೆದರಲ್ಲ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ ಮೂವತ್ತು ಸೆಕೆಂಡ್ ಕಾಯಿರಿ, ಆಮೇಲೆ ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟ್ ತೆಗೆಯಿರಿ. ಮದ್ದು ತಡವಾಗಿ ಹೊತ್ತುವುದುಂಟು. ನನಗೆ ಹೆದರಿಕೆ ‘ಟುಸ್’ ಅನ್ನುವ ತೋಟಾದ್ದು. ಸದ್ದು ಕಮ್ಮಿ, ಒದೆತ ಇಲ್ಲವೇ ಇಲ್ಲ. ಗುಂಡು ನಳಿಗೆ ಮಧ್ಯೆ ಸಿಕ್ಕಿಕೊಂಡಿರಬಹುದು. ‘ಏನೋ ಆಯ್ತು’ ಅಂತ ಇನ್ನೊಂದು ಈಡು ಹೊಡೆದರೆ ನಳಿಗೆ ಉಬ್ಬುತ್ತದೆ, ಸೀಳಿದರೂ ಸೀಳಿತು. ಅಲ್ಲಿಗೇ ನಿಲ್ಲಿಸಿ. ಕೋವಿ ಖಾಲಿ ಮಾಡಿ, ಬೋಲ್ಟ್ ತೆಗೆದು, ನಳಿಗೆಯ ಹಿಂದಿನಿಂದ ಬೆಳಕು ಕಾಣುತ್ತಾ ನೋಡಿ. ಕಾಣದಿದ್ದರೆ ಕೋವಿ ರಿಪೇರಿಯವರ ಹತ್ತಿರ ಒಯ್ಯಿರಿ.

ಹೊಡೆಯುವಾಗ ಕನ್ನಡಕ ಇರಲಿ. ತೋಟಾದ ಬುಡದ ಅಂಚು ಸೀಳಿದರೆ ಬಿಸಿ ಗಾಳಿ ಹಿಂದಕ್ಕೆ, ಮುಖಕ್ಕೇ ಬರುತ್ತದೆ.

ಹಸಿರು ಕಿಲುಬು ಹಿಡಿದದ್ದು, ಬಿರುಕು ಬಿಟ್ಟದ್ದು, ಗುಂಡು ಅಲ್ಲಾಡುವುದು, ಇವನ್ನು ಪಂಚೆಗೆ ಉಜ್ಜಿ ಹೊಳಪು ಮಾಡಿ ತುಂಬಬೇಡಿ. ಬೆಂಕಿಗೂ ಹಾಕಬೇಡಿ, ಹಳ್ಳಕ್ಕೂ ಎಸೆಯಬೇಡಿ. ಲೈಸೆನ್ಸ್ ಇರುವ ಅಂಗಡಿಯಲ್ಲಿ ಅಥವಾ ಠಾಣೆಯಲ್ಲಿ ವಿಚಾರಿಸಿ ಒಪ್ಪಿಸಿ. ಹೋಗುವಾಗ ಲೈಸೆನ್ಸ್ ಪುಸ್ತಕ ಜೊತೆಗಿರಲಿ.